ಆಟಿಗೆ ಬಂದ ಮದುಮಗಳು

ನನ್ನ ಅಮ್ಮ ಕೆಲವೊಮ್ಮೆ ನನ್ನ ತಂಗಿಯಾಗುತ್ತಿದ್ದರು. ಒಬ್ಬರೊಳಗೆ ಬೇರೆ ಬೇರೆ ಜನ ಇರುವ ಕಾಯಿಲೆಯಂತೆ ಅದು. ಮೊನ್ನೆ ಮೊಮ್ಮಕ್ಕಳಾದ ನಿಮ್ಮಲ್ಲೊಬ್ಬಳು ಅದರ ಉದ್ದ ಹೆಸರು ಹೇಳಿದಳು. ಬೆಳುವಾಯಿಯ ನಮ್ಮ ಮನೆಯಲ್ಲಿ ಅಷ್ಟುದ್ದದ ಹೆಸರಿಗೆ ಜಾಗವಿರಲಿಲ್ಲ.

ಯಾರಾದರೂ ಸ್ವರ ಏರಿಸಿದರೆ ಸಾಕು, ಅಮ್ಮ ಕೈಯಲ್ಲಿದ್ದ ಸೌಟು ಬಿಟ್ಟು, ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿಗಳ ಹಿಂದೆ ಹೋಗಿ ಕೂರುತ್ತಿದ್ದರು. ಹೊರಗೆ ಬರುವಾಗ ಅವರದು ಪುಟ್ಟ ಹುಡುಗಿಯ ಸ್ವರ. ನನ್ನನ್ನು ಅಕ್ಕ ಎಂದು ಕರೆದು ಬೆಲ್ಲ ಕೇಳುತ್ತಿದ್ದರು. ತೊಟ್ಟಿಲಲ್ಲಿ ತಮ್ಮ ಅತ್ತರೆ, ಅದು ಯಾರ ಮಗು ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ನಾನಾಗ ಐದನೆಯ ಕ್ಲಾಸು. ಅವನಿಗೆ ಗಂಜಿ ತಿಳಿ ಕುಡಿಸಿ, ಇವರಿಗೆ ಜಡೆ ಹಾಕಿ ಕಾಯುತ್ತಿದ್ದೆ. ತಿರುಗಿ ಅಮ್ಮನಾದಾಗ ಅವರಿಗೆ ಏನೂ ನೆನಪಿರುತ್ತಿರಲಿಲ್ಲ. ಗಂಜಿ ತಳ ಹಿಡಿದದ್ದೇಕೆಂದು ನನಗೇ ಬೈಯುತ್ತಿದ್ದರು.

ಅದು ಅಳಿಯಕಟ್ಟಿನ ಮನೆ. ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಇಳಿಯುತ್ತದೆ. ಹಾಗಾಗಿ ಯಜಮಾನಿಕೆ ಅಪ್ಪನ ಅಕ್ಕನದು, ಎಂದರೆ ನನ್ನ ಅತ್ತೆಯದು. ತಮ್ಮನ ಹೆಂಡತಿ ಮಕ್ಕಳಾದ ನಾವು ಬಹಳ ಕಾಲ ಉಳಿದುಬಿಟ್ಟ ನೆಂಟರು.

ಅತ್ತೆಯ ತಂಗಿಯೊಬ್ಬಳು ಚಿಕ್ಕಂದಿನಲ್ಲೇ ತೀರಿಹೋಗಿದ್ದಳು. ಅವಳೇ ಮದುವೆಗೆ ಹಟ ಹಿಡಿದು ಅಮ್ಮನ ಮೈಮೇಲೆ ಬಂದಿದ್ದಾಳೆ ಎಂದು ಅತ್ತೆ ತೀರ್ಮಾನಿಸಿದರು. ಸತ್ತವರಿಗೂ ಮದುವೆ ಮಾಡಿಸುವ ಕ್ರಮ ನಮ್ಮಲ್ಲಿ ಉಂಟು. ಮದುವೆಯ ನಂತರವೂ ಅವಳು ಬಂದರೆ ಅಮ್ಮನನ್ನೂ ನಮ್ಮನ್ನೂ ಪುಂಜಾಲಕಟ್ಟೆಯ ತವರಿಗೆ ಬಿಟ್ಟುಬಿಡುವುದೆಂದು ಅಪ್ಪನಿಗೆ ಹೇಳಿಯಾಯಿತು. ಅಲ್ಲಿದ್ದ ಅಮ್ಮನ ಅಣ್ಣನ ಸ್ವರ ಗುಡ್ಡೆಯಾಚೆಗೂ ಕೇಳಿಸುತ್ತಿತ್ತು. ಅವನ ಹೆಸರೆತ್ತಿದರೇ ಅಮ್ಮ ಮುಡಿಗಳ ಕಡೆ ನೋಡುತ್ತಿದ್ದರು.

ಶಿರ್ತಾಡಿಯಲ್ಲಿ ವರ ಸಿಕ್ಕಿದ. ಅವನೂ ಎಳವೆಯಲ್ಲೇ ಸತ್ತವನಾದ್ದರಿಂದ ದುಶ್ಚಟಗಳಿರಲಿಲ್ಲ. ಆದರೂ ಅವನ ಕಡೆಯವರು ಹುಡುಗಿಯ ಗುಣ ಹೇಗೆಂದು ವಿಚಾರಿಸಿದರು. ಬಹಳ ಸಾಧು ಎಂದರು ಅತ್ತೆ. ಬದುಕಿದ್ದ ಅಮ್ಮನ ಬಗ್ಗೆ ಅವರು ಅಂಥ ಮಾತಾಡಿದ್ದನ್ನು ನಾನು ಕೇಳಿಲ್ಲ. ಮಳೆಗಾಲದ ಆಟಿ ತಿಂಗಳು ಹಿಡಿದದ್ದೇ, ಮಣೆಯ ಮೇಲೆ ಸೀರೆ, ಪಂಚೆ ಇಟ್ಟು ಮದುವೆ ಮುಗಿಸಿದರು. ಕೋಳಿ ಸಾರಿಗೆ ಉಪ್ಪು ಕಡಿಮೆಯೆಂದು ವರನ ಕಡೆಯವರು ಗೊಣಗಿದರು. ಸಾರು ಮಾಡಿದ್ದು ಅಮ್ಮ.

ವಾರ ಕಳೆದಿರಲಿಲ್ಲ. ಅತ್ತೆ ಅಂಗಳದಲ್ಲಿ ಯಾರನ್ನೋ ಗದರಿಸಿ ಒಳಗೆ ಬರುವಷ್ಟರಲ್ಲಿ ಅಮ್ಮ ಮುಡಿಗಳ ಹಿಂದಿನಿಂದ ನನ್ನತ್ತ ಇಣುಕಿದರು.

"ಅಕ್ಕ, ಬೆಲ್ಲ ಉಂಟಾ?"

ಅತ್ತೆ ಬಾಗಿಲಲ್ಲೇ ನಿಂತರು. "ನಾಳೆಯೇ ಇವಳನ್ನು ಬಿಟ್ಟು ಬಾ" ಎಂದು ಅಪ್ಪನಿಗೆ ಹೇಳಿದರು.

ಅಪ್ಪ ಅಕ್ಕನ ಎದುರು ಮಾತಾಡಿದವರೇ ಅಲ್ಲ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, ತಲೆ ಎತ್ತದೆ ಕೇಳಿದರು: "ಅಕ್ಕ, ಹೊಸ ಮದುಮಗಳು ಆಟಿಯಲ್ಲಿ ಎಲ್ಲಿ ಕೂರುವುದು?"

ಮೊದಲ ಆಟಿಗೆ ಮದುಮಗಳು ತವರಿಗೆ ಬಂದು ಕೂರಬೇಕು. ಅದು ಕ್ರಮ. ಕ್ರಮವೆಂದರೆ ಅತ್ತೆಗೆ ಪ್ರಾಣ.

"ತವರಲ್ಲಿ" ಎಂದರು ಅತ್ತೆ, ಇಷ್ಟವಿಲ್ಲದೆ.

"ಮತ್ತೆ, ಬಂದವಳನ್ನು ಓಡಿಸುವುದಾ?"

ಅತ್ತೆ ತಮ್ಮ ಕೋಣೆಗೆ ಹೋದರು. ಅಲ್ಲಿದ್ದ ಡಬ್ಬಿಯಿಂದ ಬೆಲ್ಲ ತಂದು ಅಮ್ಮನ ಅಂಗೈಯಲ್ಲಿಟ್ಟು, ನಾನು ಎಂದೂ ಕೇಳದ ಸಣ್ಣ ಸ್ವರದಲ್ಲಿ, "ಮೆಲ್ಲ ತಿನ್ನು ಮಗಾ" ಎಂದರು.

ಆಟಿ ಮುಗಿದ ಮೇಲೂ ಅವಳು ಬಂದಳು. ಗಂಡನ ಮನೆಯಲ್ಲಿ ಸರಿಬರಲಿಲ್ಲವೋ ಏನೋ, ಅಳಿಯಕಟ್ಟಿನಲ್ಲಿ ಹೆಣ್ಣಿಗೆ ತವರೇ ಮನೆಯಲ್ಲವೇ ಎಂದು ಅಪ್ಪ ಎಲೆ ಮಡಚಿದರು. ಅತ್ತೆ ಮತ್ತೆ ಬೆಲ್ಲ ತಂದರು. ಹೆಂಡತಿಯಾಗಿ ಅಮ್ಮನಿಗೆ ಸಿಗದ ಹಕ್ಕು ಸತ್ತ ನಾದಿನಿಯಾಗಿ ಸಿಕ್ಕಿತು.

ತಂಗಿ ಹೆದರಿಯಾಳೆಂದು ಅತ್ತೆ ಮನೆಯೊಳಗೆ ಸ್ವರ ತಗ್ಗಿಸಿದರು. ಬರಬರುತ್ತಾ ಅವಳು ಬರುವುದೂ ಕಡಿಮೆಯಾಯಿತು. ಬೆಲ್ಲದ ಡಬ್ಬಿ ಮಾತ್ರ ಅತ್ತೆಯ ಕೋಣೆಯಿಂದ ಮುಡಿಗಳ ಪಕ್ಕಕ್ಕೆ ಬಂದು, ಅಲ್ಲೇ ಉಳಿಯಿತು.