ಬಾಬು ಪೂಜಾರಿಯ ಬಾಕಿ ಗುದ್ದು

ಡಾಕ್ಟರು "ಇನ್ನು ಮನೆಯಲ್ಲೇ ನೋಡ್ಕೊಳ್ಳಿ" ಎಂದು ಕಳಿಸಿಕೊಟ್ಟ ಮೇಲೆ ಬಾಬು ಪೂಜಾರಿ ಮೊದಲು ಒಡೆದದ್ದು ಟಿವಿಯನ್ನು. ಆಮೇಲೆ, ದೇವರ ಧ್ಯಾನ ಮಾಡಿ ಎಂದು ಬುದ್ಧಿ ಹೇಳಲು ಬಂದ ಪಕ್ಕದ ಮನೆಯವರ ಹಣೆಯನ್ನು. ಸ್ಟೀಲ್ ಲೋಟವನ್ನು ಅವನು ಎಸೆದದ್ದು ಬಾಗಿಲಿಗಂತೆ. ಒಂದೇ ಕಣ್ಣಿನವನಿಗೆ ದೂರದ ಅಂದಾಜು ಸಿಗುವುದಿಲ್ಲ. ಲೋಟ ಹಣೆಗೆ ಹೋಯಿತು. ಎದ್ದು ಕೂರಬೇಕಾದರೆ ಅವನಿಗೆ ಇಬ್ಬರು ಹಿಡಿಯಬೇಕಿತ್ತು, ಎಸೆಯುವುದಕ್ಕೆ ಮಾತ್ರ ಯಾರ ಸಹಾಯವೂ ಬೇಕಿರಲಿಲ್ಲ.

ಚೆನ್ನೈಯ ವಡಪಳನಿಯ ಸ್ಟುಡಿಯೋ ಹಿಂದಿನ ಓಣಿಯಲ್ಲಿ ಅವನು ಫೈಟರ್ ಬಾಬು. ಕಾರ್ಕಳದ ಕಡೆಯಿಂದ ಪರಿಚಯದವರ ಹೋಟೆಲಿಗೆ ಸಪ್ಲೈಯರ್ ಆಗಿ ಬಂದವನು, ಸಾಂಬಾರು ತಣ್ಣಗಾಗಿದೆ ಎಂದು ತನ್ನ ತಾಯಿಯ ಹೆಸರೆತ್ತಿದ ಗಿರಾಕಿಯನ್ನು ಕುರ್ಚಿ ಸಮೇತ ಎತ್ತಿ ಬೀದಿಗೆ ಹಾಕಿದ. ಕುರ್ಚಿಯೂ ಮುರಿಯಿತು, ಕೆಲಸವೂ ಹೋಯಿತು. ಅಲ್ಲೇ ಇಡ್ಲಿ ತಿನ್ನುತ್ತಿದ್ದ ಸ್ಟಂಟ್ ಮಾಸ್ಟರೊಬ್ಬರು ನಿಧಾನವಾಗಿ ಕೈ ತೊಳೆದುಕೊಂಡು ಬಂದು, ನಾಳೆ ಸ್ಟುಡಿಯೋಗೆ ಬಾ ಎಂದರು. ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ ನಮ್ಮಂಥವರಿಗೆ ಇಂಥ ಅದೃಷ್ಟ ಒದಗುವುದಿಲ್ಲ.

ಸಿನಿಮಾದ ಗುದ್ದು ಮುಖಕ್ಕೆ ಬೀಳುವುದಲ್ಲ, ಪಕ್ಕದ ಗಾಳಿಗೆ ಬೀಳುವುದು. ಕ್ಯಾಮೆರಾಕ್ಕೆ ಆ ಅಂತರ ಕಾಣುವುದಿಲ್ಲ. ಗುದ್ದು ತಿಂದವನು ಅದೇ ಕ್ಷಣಕ್ಕೆ ತಾನಾಗಿಯೇ ಎಗರಿ, ಮೇಜು ಮುರಿದುಕೊಂಡು ಬೀಳಬೇಕು. ಬಾಬುವಿನ ಜೋಡಿ ಸದಾನಂದ, ಪಕ್ಕದೂರಿನವನೇ. ಒಂದೇ ಕೋಣೆ, ಒಂದೇ ಬಾಚಣಿಗೆ. ಒಬ್ಬರನ್ನೊಬ್ಬರು ಅದೆಷ್ಟು ಸಲ ಕೊಂದುಕೊಂಡು ಸಂಜೆ ಒಟ್ಟಿಗೆ ಬೋಂಡಾ ತಿಂದರೋ.

ಒಂದು ದಿನ ಅಂಬತ್ತೂರಿನ ಬೀಗ ಬಿದ್ದ ಕಾರ್ಖಾನೆಯೊಳಗೆ ಶೂಟಿಂಗು. ಮರುದಿನದಿಂದ ಹೀರೋವಿಗೆ ಡೂಪ್ ಆಗುವ ಕೆಲಸ ಬಾಬುವಿಗೆ ಸಿಕ್ಕಿತ್ತು. ಇಬ್ಬರೂ ಆಸೆಪಟ್ಟಿದ್ದ ಕೆಲಸ. ಅವತ್ತು ಸದಾನಂದನ ಗುದ್ದು ಗಾಳಿಗೆ ಹೋಗಲಿಲ್ಲ. ಬಾಬುವಿನ ಕೆನ್ನೆಯ ಎಲುಬು ಹಪ್ಪಳದ ಹಾಗೆ ಮುರಿಯಿತು, ಬಾಯಿ ತುಂಬ ರಕ್ತ. ಎಂಥ ನಟನೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಎಡಗಣ್ಣು ಹೋಗಿತ್ತು.

ಬೇಕೆಂದೇ ಹೊಡೆದ ಎಂದ ಬಾಬು. ನೀನೇ ಅರ್ಧ ಹೆಜ್ಜೆ ಮುಂದೆ ಬಂದೆ ಎಂದ ಸದಾನಂದ. ಅವನು ಬೆಳೆದು ಸ್ಟಂಟ್ ಮಾಸ್ಟರ್ ಆದ. ಇವನು ಅಪಾರ್ಟ್‌ಮೆಂಟಿನ ಗೇಟು ಕಾಯುವವನಾದ. ಫೈಟರ್‌ಗಳ ಸಂಘದ ಸಭೆಯಲ್ಲಿ ಬಾಬು ಮಡಚುವ ಕುರ್ಚಿಯಿಂದ ಸದಾನಂದನ ಬೆನ್ನು ಮುರಿಯಲು ಹೋಗಿ ಖಜಾಂಚಿಯ ಮೊಣಕೈ ಮುರಿದ. ಸದಾನಂದನ ಮಗಳ ಮದುವೆಯ ದಿನ ಚೌಲ್ಟ್ರಿಯ ಮುಂದಿನ ಬಾಳೆಕಂಬ ಎರಡನ್ನೂ ಒದ್ದು ಕೆಡವಿ, ಪೊಲೀಸರ ಜೀಪಿನಲ್ಲಿ ಮನೆಗೆ ಬಂದ. ಹೆಂಡತಿ ಗುಣವತಿಯ ಮೇಲೆ ಒಮ್ಮೆ ಕೈ ಎತ್ತಿದ್ದ; ಅವಳು ದೋಸೆ ಕಾವಲಿ ಎತ್ತಿದಳು. ಅಲ್ಲಿಂದ ಮುಂದೆ ಕೋಪವೆಲ್ಲ ಗೋಡೆಗೆ ವರ್ಗವಾಯಿತು. ಗುದ್ದಿ ಗುದ್ದಿ ಗಾರೆ ಉದುರಿದ ಜಾಗಕ್ಕೆಲ್ಲ ಅವಳು ಕ್ಯಾಲೆಂಡರ್ ತೂಗುಹಾಕಿದಳು. ಆ ಮನೆಗೆ ಬಂದವರು ತಾರೀಖು ಕೇಳುವ ಪ್ರಮೇಯವೇ ಇರಲಿಲ್ಲ.

ಈಗ ಉಸಿರು ಮುಗಿಯುತ್ತ ಬಂದಿದ್ದರೂ ಬಾಬು ಗಂಜಿ ಮುಟ್ಟಲೊಲ್ಲ. ಅವನದು ಒಂದೇ ಹಟ.

"ಅವನನ್ನು ಕರೆಸು ಗುಣ. ಒಂದೇ ಒಂದು ಗುದ್ದು ಕೊಡ್ಲಿಕ್ಕುಂಟು. ಅದು ಬಾಕಿ ಇಟ್ಟುಕೊಂಡು ನಾನು ಸಾಯುವುದಿಲ್ಲ."

"ಅಪ್ಪಾ, ವಿಟ್ಟುಡುಪ್ಪಾ, ಪ್ಲೀಸ್," ಎಂದಳು ಮಗಳು ನಿಖಿತಾ. ಬಿಟ್ಟುಬಿಡು ಎಂಬುದನ್ನು ಅವಳು ಯಾವತ್ತೂ ತಮಿಳಿನಲ್ಲೇ ಹೇಳುವವಳು. ಕ್ಷಮೆಯ ಮಹಿಮೆ ಸಾರುವ ಒಂದು ವಿಡಿಯೋ ತೋರಿಸಿದಳು. ಬಾಬು ಕೊನೆಯವರೆಗೂ ನೋಡಿ, ಫೋನನ್ನು ಕಿಟಕಿಯಿಂದಾಚೆ ಎಸೆದ.

ಗುಣವತಿ ತನ್ನ ಫೋನು ಎತ್ತಿಕೊಂಡಳು. ಮಲಗಿದ್ದ ಬಾಬು ಉಸಿರು ಬಿಗಿಹಿಡಿದು ಕೇಳಿಸಿಕೊಂಡ.

"ಸದಾನಂದಣ್ಣ, ನಾನು ಬಾಬಣ್ಣನ ಮನೆಯವಳು. ಇವರಿಗೆ ನಿಮಗೆ ಹೊಡೀಬೇಕಂತೆ. ಬರ್ತೀರಾ?"

ಆ ಕಡೆಯಿಂದ, "ಯಾವಾಗ ಬರ್ಲಿ?"

"ನಾಳೆ ತಿಂಡಿ ಮುಗಿಸಿ ಬನ್ನಿ. ಖಾಲಿ ಹೊಟ್ಟೆಯಲ್ಲಿ ಬೇಡ."

ಮರುದಿನ ಸದಾನಂದ ಬಂದ. ತಲೆಗೆ ಕಪ್ಪು ಬಣ್ಣ, ಮೊಣಕಾಲಿಗೆ ಪಟ್ಟಿ, ಎರಡಾಳಿನ ಹೊಟ್ಟೆ. ಯಾರೂ ಹೇಳದಿದ್ದರೂ ಕನ್ನಡಕ ಕಳಚಿ ಗುಣವತಿಯ ಕೈಗೆ ಕೊಟ್ಟ. ವಾಚು ಬಿಚ್ಚಿದ. ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೆನ್ನೆ ಮುಂದೊಡ್ಡಿದ.

"ಏಳು! ಕೂತವನಿಗೆ ಹೊಡೆದ ಅಂತ ನನಗೆ ಹೆಸರು ಬೇಡ," ಎಂದು ಗರ್ಜಿಸಿದ ಬಾಬು. "ಗುಣ, ನನ್ನನ್ನೂ ನಿಲ್ಲಿಸು."

ಸದಾನಂದ ಎದ್ದು ನಿಂತ. ಬಾಬುವನ್ನು ಹೆಂಡತಿ ಒಂದು ಕಡೆ, ಮಗಳು ಒಂದು ಕಡೆ ಹಿಡಿದು ನಿಲ್ಲಿಸಿದರು. ಮಗಳು ಅಳುತ್ತಿದ್ದಳು, ಹೆಂಡತಿ, ಮಂಚದ ಕಾಲಿಗೆ ತಾಗೀತು, ಜಾಗ್ರತೆ ಎನ್ನುತ್ತಿದ್ದಳು.

"ಹೇಳು, ಬೇಕಂತಲೇ ಹೊಡೆದದ್ದಲ್ವಾ?"

"ನೀನು ಮುಂದೆ ಬಂದದ್ದು ಬಾಬಣ್ಣ. ಅವತ್ತೂ ಅದೇ ಹೇಳಿದ್ದೆ, ಇವತ್ತೂ ಅದೇ."

ಬಾಬುವಿನ ಕತ್ತಿನ ನರ ಹುರಿಹಗ್ಗದ ಹಾಗೆ ಎದ್ದು ನಿಂತಿತು. ಅಷ್ಟು ವರ್ಷ ಗೋಡೆ ತಿಂದ ಗುದ್ದುಗಳೆಲ್ಲ ಒಟ್ಟಾಗಿ ಭುಜಕ್ಕೆ ಬಂದಂತಾಯಿತು. ಅಬ್ಬರಿಸಿ ಬೀಸಿದ. ಸದಾನಂದ ಹಿಂದಕ್ಕೆ ಚಿಮ್ಮಿದ. ಪ್ಲಾಸ್ಟಿಕ್ ಕುರ್ಚಿ ಅವನಡಿ ಎರಡು ಹೋಳಾಯಿತು. ಕೈಗೆ ಸಿಕ್ಕ ಕ್ಯಾಲೆಂಡರ್ ಹರಿದುಕೊಂಡು, ಔಷಧಿ ಮೇಜನ್ನು ಉರುಳಿಸಿ, ಬೀರುವಿಗೆ ಭುಜ ಬಡಿದು ನೆಲಕ್ಕೆ ಬಿದ್ದ. ಬೀರುವಿನೊಳಗೆ ಏನೋ ಒಡೆಯಿತು. ಸದಾನಂದನೊಳಗೂ. ತುಟಿಯಿಂದ ರಕ್ತ ಇಳಿಯಿತು.

ಬಾಬು ತನ್ನ ಮುಷ್ಟಿ ನೋಡಿಕೊಂಡ. ಸಕ್ಕರೆ ಕಾಯಿಲೆ ಆ ಬೆರಳುಗಳ ಸ್ಪರ್ಶವನ್ನು ಎಂದೋ ಕೊಂದಿತ್ತು. ಕಣ್ಣಿಗೆ ಅಂತರ ತಿಳಿಯದು, ಕೈಗೆ ತಾಗಿದ್ದು ತಿಳಿಯದು.

"ಬಿತ್ತಾ?" ಎಂದು ಕೇಳಿದ.

"ಬಿತ್ತು ಮಾರಾಯ, ಹಲ್ಲು ಅಲ್ಲಾಡ್ತದೆ."

"ಸುಳ್ಳು! ನೀನು ಮೊದಲೇ ಹಾರಿದಿ. ಈ ಕಸುಬು ನನಗೆ ಗೊತ್ತುಂಟು."

"ಮತ್ತೆ ಈ ರಕ್ತ?"

"ಕುರ್ಚಿಯದ್ದು!"

"ಕುರ್ಚಿಗೆ ರಕ್ತ ಇರ್ತದಾ?" ಎಂದಳು ಗುಣವತಿ.

ಬಾಬು ಬಾಯಿ ತೆರೆದ, ಬೈಗುಳ ಬರಲಿಲ್ಲ. ಮೊದಲು ಕೆಮ್ಮು ಬಂತು, ಅದರ ಹಿಂದೆಯೇ ನಗು. ನಕ್ಕರೆ ಉಸಿರು ಸಾಲದು, ಆದರೂ ನಕ್ಕ. ಹೊಡೆದವನು ತಾನೇ, ತಾಗಿತೋ ಇಲ್ಲವೋ ತನಗೇ ಗೊತ್ತಿಲ್ಲ! ನೆಲದ ಮೇಲಿದ್ದವನು ಭುಜ ಹಿಡಿದುಕೊಂಡು ನರಳಿದ. ಬಾಬುವಿನ ನಗು ನಿಂತಿತು.

"ಮೂರ್ಖ, ಈ ವಯಸ್ಸಲ್ಲಿ ಹಾಗೆ ಹಾರ್ತಾರಾ? ಮೈ ಸುತ್ತಿಕೊಂಡು ಬೀಳ್ಬೇಕಿತ್ತು. ಗುಣ, ಎಣ್ಣೆ ಬಿಸಿ ಮಾಡು."

ಎಣ್ಣೆ ಹಚ್ಚಿದ್ದು ಗುಣವತಿ. ಎಲ್ಲಿ ಹಚ್ಚಬೇಕೆಂದು ಮಂಚದಿಂದ ಬೈದು ತೋರಿಸಿದ್ದು ಬಾಬು. ಸದಾನಂದ ಗೋಡೆಗೊರಗಿ ಕೂತಿದ್ದ. ಯಾರೂ ಕೇಳದೆಯೇ ಹೇಳಿದ.

"ಬಾಬಣ್ಣ, ಅವತ್ತು ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಇದ್ದದ್ದು ಹೌದು. ನೀನು ಮುಂದೆ ಬಂದದ್ದೂ ಹೌದು. ಕೈ ತಡೀಲಿಕ್ಕೆ ಆಗ್ತಿತ್ತಾ ಅಂತ ಕೇಳಿದ್ರೆ... ನಂಗೆ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ ಮಾರಾಯ."

ನಿಖಿತಾ ಲೋಟ, ಚೊಂಬುಗಳನ್ನೆಲ್ಲ ಸರಸರನೆ ದೂರ ಸರಿಸಿದಳು. ಬಾಬು ಏನನ್ನೂ ಎಸೆಯಲಿಲ್ಲ. ತನ್ನ ಕೈಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ.

"ಇದನ್ನು ಆಗಲೇ ಹೇಳ್ಲಿಕ್ಕೆ ನಿಂಗೆ ಏನಾಗಿತ್ತು, ದರಿದ್ರದವನೇ?"

"ನೀನು ಹೇಳ್ಲಿಕ್ಕೆ ಎಲ್ಲಿ ಬಿಟ್ಟಿ? ಕುರ್ಚಿ ಎತ್ತಿಕೊಂಡೇ ಬರ್ತಿದ್ದಿ."

"ಅದು ಹೌದು," ಎಂದ ಬಾಬು. ಹೆಂಡತಿಗೆ ನೆನಪಿರುವ ಮಟ್ಟಿಗೆ, ಅವನು ಇನ್ನೊಬ್ಬರ ಮಾತಿಗೆ ಹೌದು ಎಂದದ್ದು ಅದೇ ಮೊದಲು. "ಗುಣ, ಗಂಜಿ ತಾ. ಇವನಿಗೂ ಹಾಕು. ಉಪ್ಪಿನಕಾಯಿ ನಂಗೆ ಜಾಸ್ತಿ."

ಆಮೇಲೆ ಬಾಬು ಬದುಕಿದ್ದು ಕೆಲವೇ ವಾರ. ಕೈಗೆ ಜೋಳಿಗೆ ಪಟ್ಟಿ ಕಟ್ಟಿಕೊಂಡ ಸದಾನಂದ ದಿನವೂ ಬೆಳಿಗ್ಗೆ ಬಂದು ಕೂರುತ್ತಿದ್ದ. ಇಬ್ಬರೂ ಸೇರಿ ಈಗಿನ ಹುಡುಗರ ಫೈಟುಗಳನ್ನು ಹೀನಾಯವಾಗಿ ಬೈಯುತ್ತಿದ್ದರು. ಒಂದು ದಿನ ಹಾಗೇ ಬೈಯುತ್ತ ಬೈಯುತ್ತ ಬಾಬುವಿಗೆ ಜೊಂಪು ಹತ್ತಿತು. ಸದಾನಂದ ದನಿ ತಗ್ಗಿಸಿ ಇನ್ನಷ್ಟು ಹೊತ್ತು ಒಬ್ಬನೇ ಬೈಯುತ್ತಿದ್ದ. ಗುಣವತಿ ಬಂದು ಗಂಡನ ಎದೆಯ ಮೇಲೆ ಕೈಯಿಟ್ಟು ನೋಡಿ, "ಸಾಕು ಸದಾನಂದಣ್ಣ, ಇವರು ಹೋದ್ರು," ಎಂದಳು.