ಸೊಟ್ಟಗೈ ತಿಮ್ಮರಾಯಪ್ಪನ ಫಿಲ್ಟರು

ಹುಳಿಮಾವಿನಲ್ಲಿ ತಿಮ್ಮರಾಯಪ್ಪ ಅಂದರೆ ಯಾವ ತಿಮ್ಮರಾಯಪ್ಪ ಎಂದು ಕೇಳುತ್ತಿದ್ದರು. ಸೊಟ್ಟಗೈ ತಿಮ್ಮರಾಯಪ್ಪ ಅಂದರೆ ಮುಂದೆ ಮಾತೇ ಇರಲಿಲ್ಲ. ಎಂಟನೇ ವಯಸ್ಸಿಗೆ ಹುಣಸೆಮರದಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. ಮೂಳೆ ಕಟ್ಟುವ ಪಂಡಿತ ಮೊಟ್ಟೆಯ ಲೋಳೆ ಬಳಿದು, ಬಿದಿರು ದಬ್ಬೆ ಬಿಗಿದು, ಒಂದೂವರೆ ತಿಂಗಳು ಬಿಚ್ಚಬೇಡಿ ಎಂದು ಹೇಳಿ ಹೋದ. ಬಿಚ್ಚಿ ನೋಡಿದರೆ ಮೊಣಕೈಯಿಂದಾಚೆ ಕೈ ತನ್ನದೇ ದಾರಿ ಹಿಡಿದಿತ್ತು. ಆಮೇಲೆ ಅದು ದಪ್ಪ ಆಗಲೇ ಇಲ್ಲ. ಆಳು ಬೆಳೆದ, ಕೈ ಮಾತ್ರ ಎಂಟು ವರ್ಷದ ಹುಡುಗನದಾಗಿಯೇ ಉಳಿಯಿತು.

ನೇಗಿಲ ಮೇಳಿ ಹಿಡಿಯಲಾಗದವನನ್ನು ಒಕ್ಕಲುಮನೆಯಲ್ಲಿ ಏನು ಮಾಡುತ್ತಾರೆ? ದನ ಕಾಯಲು ಅಟ್ಟುತ್ತಾರೆ. ಅಣ್ಣಂದಿರು ಅಟ್ಟಿದರು. ಇಪ್ಪತ್ತು ದಾಟಿದರೂ ಅವನು ದನದ ಹಿಂದೆಯೇ ಇದ್ದ. ಹೆಣ್ಣು ಕೇಳಲು ಹೋದ ಕಡೆಯೆಲ್ಲ ಮೊದಲು ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಅರೆಕೆರೆಯ ಗೌರಮ್ಮ ಒಬ್ಬಳು, ‘ಕೈ ಕಟ್ಕೊಂಡು ಬಾಳ್ವೆ ಮಾಡ್ತೀನಾ, ಮನುಷ್ಯ ನೆಟ್ಟಗಿದ್ರೆ ಸಾಕು’ ಅಂದಳಂತೆ. ಆ ಒಂದು ಮಾತಿಗೆ ತಿಮ್ಮರಾಯಪ್ಪ ಅವಳಿಗೆ ಜನ್ಮವಿಡೀ ಸೋತುಹೋದ.

ಕಾಲ ತಿರುಗಿದ್ದು ಐವತ್ತೇಳನೇ ಇಸವಿಯಲ್ಲಿ. ಅತ್ತ ಜಯನಗರದಲ್ಲಿ ಸಾಲುಸಾಲಾಗಿ ಮನೆಗಳು ಏಳುತ್ತಿದ್ದವು, ಇತ್ತ ಹುಳಿಮಾವಿನ ಬಂಡೆಯಲ್ಲಿ ದಿನವಿಡೀ ಸುತ್ತಿಗೆ ಸದ್ದು. ಕಲ್ಲು ಸಾಗಿಸಲು ಶಂಭುಲಿಂಗಪ್ಪ ಎಂಬ ವ್ಯಾಪಾರಿ ಮಿಲಿಟರಿಯವರು ಹರಾಜು ಹಾಕಿದ ಹಳೇ ಪೆಟ್ರೋಲ್ ಲಾರಿಯೊಂದನ್ನು ತಂದು, ಅದರೊಳಗೆ ಇನ್ಯಾವುದೋ ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದ್ದರು. ‘ಎತ್ತಿನ ಹೊಟ್ಟೆಗೆ ಕೋಣನ ಕರುಳು ತುಂಬವ್ರೆ’ ಎಂದು ಡ್ರೈವರ್ ಬೋರಣ್ಣ ನಗುತ್ತಿದ್ದ. ಎಂಜಿನ್ ಹೇಗೋ ಕೂತಿತು. ಡೀಸೆಲ್ ಸೋಸುವ ಫಿಲ್ಟರಿಗೆ ಮಾತ್ರ ಜಾಗ ಸಾಲದೆ, ಅದನ್ನು ಎಂಜಿನ್ನಿನ ಬೆನ್ನಿಗೂ ಡ್ರೈವರ್ ಕೂರುವ ಗೂಡಿನ ತಗಡಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಸಿಬಿಟ್ಟರು. ಮೇಲಿನಿಂದ ಕೈ ಇಳಿಯದು. ಕೆಳಗಿನಿಂದ ಹೋದರೆ ಹೊಗೆಕೊಳವೆ ಅಡ್ಡ. ಬೇರೆ ಗಾಡಿಗಳಲ್ಲಿ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಅರ್ಧ ದಿನ ಕೊಳವೆ ಬಿಚ್ಚಿ ಕೂರಬೇಕಾಗಿತ್ತು. ಆ ಕಾಲದ ಡೀಸೆಲ್ಲೋ, ಡ್ರಮ್ಮಿನ ತಳದ ತುಕ್ಕು, ಮಣ್ಣು, ನೀರು ಎಲ್ಲವನ್ನೂ ಹೊತ್ತು ಬರುತ್ತಿತ್ತು. ವಾರಕ್ಕೊಮ್ಮೆ ತೊಳೆಯದಿದ್ದರೆ ಲಾರಿ ಕೆಮ್ಮುತ್ತಿತ್ತು.

ಒಂದು ದಿನ ಬಂಡೆ ಹತ್ತಿರ ಲಾರಿ ನಿಂತು ಬೋರಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದಾಗ, ದನ ಬಿಟ್ಟುಕೊಂಡು ಬಂದಿದ್ದ ತಿಮ್ಮರಾಯಪ್ಪ ಬಗ್ಗಿ ನೋಡಿದ. ಅಡಿಯಲ್ಲಿ ಅಂಗಾತ ಮಲಗಿ ಸೊಟ್ಟಗೈಯನ್ನು ಕೊಳವೆಯ ಪಕ್ಕದಿಂದ ಮೇಲೆ ತೂರಿಸಿದ. ದೇವರಾಣೆ, ಆ ಸಂದಿಯ ಅಳತೆ ತೆಗೆದೇ ಪಂಡಿತ ಆ ಕೈ ಕಟ್ಟಿದ್ದನೇನೋ ಅನ್ನಬೇಕು. ಕೈ ಸಲೀಸಾಗಿ ಹೋಯಿತು, ಬಳಸಿತು, ಬೋಲ್ಟಿಗೆ ಮುಟ್ಟಿತು. ಮಾರನೇ ದಿನದಿಂದ ತಿಮ್ಮರಾಯಪ್ಪ ಲಾರಿ ಕ್ಲೀನರ್. ಶಂಭುಲಿಂಗಪ್ಪನವರು ಮಾಡಿದ ಎಡವಟ್ಟಿನಿಂದ ಒಬ್ಬನಿಗೆ ಅನ್ನ ಸಿಕ್ಕಿತು. ಅವರ ಎಡವಟ್ಟುಗಳಲ್ಲಿ ಪುಣ್ಯ ತಂದಿದ್ದು ಇದೊಂದೇ.

ಅವನ ಹೆಮ್ಮೆ ನೋಡಬೇಕಿತ್ತು. ಕಣ್ಣು ಮುಚ್ಚಿಕೊಂಡು, ಬೆರಳಿನಲ್ಲೇ ನೋಡುತ್ತ, ನಡುವಿನ ಬೋಲ್ಟು ಬಿಚ್ಚಿ, ಬಟ್ಟಲನ್ನು ಚೆಲ್ಲದಂತೆ ಇಳಿಸಿ, ಒಳಗಿನ ಬಟ್ಟೆಯ ಸುರುಳಿಯನ್ನು ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದು ಮತ್ತೆ ಕೂರಿಸುತ್ತಿದ್ದ. ಕೊನೆಗೆ ಸಣ್ಣ ಸ್ಕ್ರೂ ಸಡಿಲಿಸಿ, ಪಂಪು ಒತ್ತಿ, ಕೊಳವೆಯಲ್ಲಿ ಸಿಕ್ಕಿದ ಗಾಳಿ ನೊರೆನೊರೆಯಾಗಿ ಹೊರಬಿದ್ದು ಬರೀ ಡೀಸೆಲ್ ಬರುವ ತನಕ ಕಾಯುತ್ತಿದ್ದ. ಒಂದು ಗುಳ್ಳೆ ಒಳಗುಳಿದರೂ ಎಂಜಿನ್ ಹತ್ತುವುದಿಲ್ಲ. ಸಾರಕ್ಕಿ, ಅರೆಕೆರೆ ಕಡೆಯ ಲಾರಿಯವರೂ ‘ಬಾರಣ್ಣ, ಒಂದ್ ಕೈ ಹಾಕು’ ಎಂದು ಕರೆಯತೊಡಗಿದರು.

ಐವತ್ತೊಂಬತ್ತರ ಕಾರ್ತಿಕದಲ್ಲಿ ಗೌರಮ್ಮನಿಗೆ ತುಂಬು ದಿನ. ಮದುವೆಯಾಗಿ ಆರು ವರ್ಷ, ಎರಡು ಸಲ ಬಸಿರು ಇಳಿದುಹೋಗಿತ್ತು. ಈ ಸಲ ಉಳಿದಿತ್ತು. ಬೆಳಗಿನ ಜಾವ ಬಂದ ನೋವು ಹೊತ್ತು ಏರಿದರೂ ಮುಂದುವರಿಯಲಿಲ್ಲ. ಸೂಲಗಿತ್ತಿ ಮುನಿವೆಂಕಟಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಕೂಸು ಅಡ್ಡ ತಿರುಗ್ಬಿಟ್ಟದೆ ಕಣಪ್ಪ. ನನ್ ಕೈಲಾಗಾಕಿಲ್ಲ. ಪ್ಯಾಟೆ ಆಸ್ಪತ್ರೆಗೆ ಒಯ್ದ್ರೆ ಎಲ್ಡೂ ಜೀವ ಉಳೀತವೆ. ತಡ ಮಾಡ್ಬ್ಯಾಡ.”

ಬೋರಣ್ಣ ಕಲ್ಲು ತುಂಬುವುದು ಬಿಟ್ಟು ಲಾರಿ ತಂದ. ಡೀಸೆಲ್ ಟ್ಯಾಂಕಿನ ತಳ ಹಿಡಿದಿತ್ತು, ಆದರೆ ಪೇಟೆಗೆ ಸಾಕಾಗುತ್ತಿತ್ತು. ಹಿಂದೆ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಗೌರಮ್ಮನನ್ನು ಮಲಗಿಸಿದರು. ಮುನಿವೆಂಕಟಮ್ಮ ತಲೆ ಹಿಡಿದು ಕೂತಳು. ಏಳು ಮೈಲಿ ದಾರಿ. ಮುಕ್ಕಾಲು ಗಂಟೆಯಲ್ಲಿ ತಲುಪುತ್ತೇವೆ ಎಂದು ತಿಮ್ಮರಾಯಪ್ಪ ಹೆಂಡತಿಗೆ ಧೈರ್ಯ ಹೇಳಿದ.

ಅರೆಕೆರೆ ದಾಟಿದ ಮೇಲೆ ಲಾರಿ ಕೆಮ್ಮಿತು. ಎರಡು ಸಲ ಜಗ್ಗಿ ನಿಂತೇಬಿಟ್ಟಿತು.

ತಿಮ್ಮರಾಯಪ್ಪ ಹಿಂದಿನ ಸಂಜೆಯಷ್ಟೇ ತೊಳೆದಿದ್ದ ಫಿಲ್ಟರು. ಧೂಳಿನಲ್ಲೇ ಉರುಳಿ ಒಳಗೆ ಹೋಗಿ ಬಟ್ಟಲು ಇಳಿಸಿದ. ಬಟ್ಟೆಯ ಸುರುಳಿಗೆ ಹಳದಿ ಗಂಜಿ ಮೆತ್ತಿಕೊಂಡಿತ್ತು. ಎರಡು ವಾರದಿಂದ ಆ ಹಳದಿ ಸ್ವಲ್ಪಸ್ವಲ್ಪ ಕಾಣುತ್ತಿತ್ತು, ಬಂಕಿನವನು ಏನೋ ಬೆರೆಸುತ್ತಿದ್ದಾನೆ ಎಂದು ಅವನು ಆಗಲೇ ಶಾಪ ಹಾಕಿದ್ದ. ಈಗ ಶಾಪಕ್ಕೂ ಪುರುಸೊತ್ತಿಲ್ಲ. ತೊಳೆದು, ಕೂರಿಸಿ, ಗಾಳಿ ತೆಗೆಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಮೇಲಿಂದ ಗೌರಮ್ಮನ ನರಳಾಟ ಹಲಗೆಯ ಸಂದಿಯಲ್ಲಿ ನೇರ ಅವನ ಮುಖದ ಮೇಲೇ ಬೀಳುತ್ತಿತ್ತು.

ಲಾರಿ ಹೊರಟಿತು. ಬಿಳೇಕಹಳ್ಳಿ ದಾಟಿ, ಕೊಯ್ಲಿಗೆ ಬಂದ ರಾಗಿಹೊಲಗಳ ನಡುವೆ ಮತ್ತೆ ನಿಂತಿತು.

ಈಗ ಹೊಗೆಕೊಳವೆ ಕೆಂಡವಾಗಿತ್ತು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಎತ್ತಿನ ಗಾಡಿ ಹುಡುಕಿ ಕಟ್ಟಿಸಿದರೆ ಪೇಟೆ ಮುಟ್ಟಲು ಎರಡು ಗಂಟೆ ಮೇಲೆ. “ಆರೋವರ್ಗಾದ್ರೂ ತಡಿಯೋ, ಕೈ ಸುಟ್ಟೋಗ್ತದೆ” ಎಂದ ಬೋರಣ್ಣ. ತಿಮ್ಮರಾಯಪ್ಪ ಕೇಳಿಸಿಕೊಳ್ಳಲಿಲ್ಲ. ಕೈಗೆ ಒದ್ದೆ ಗೋಣಿ ಸುತ್ತಿಕೊಂಡರೆ ಸಂದಿಯೊಳಗೆ ತೂರದು. ಬರಿಗೈ ಹಾಕಿದ. ಚರ್ಮ ಕೊಳವೆಗೆ ಅಂಟಿ ಚುರ್ ಅಂದಿದ್ದು ಬೋರಣ್ಣನಿಗೂ ಕೇಳಿಸಿತು. ಹಲ್ಲು ಕಚ್ಚಿ ಬೋಲ್ಟು ತಿರುಗಿಸಿದ. ಬಟ್ಟಲು ಕೈಗೆ ಬಂತು.

ಬಟ್ಟಲಿನ ತಳದಲ್ಲಿ ಒಂದು ಅಕ್ಕಿಕಾಳು ಇತ್ತು. ಉಬ್ಬಿ, ಕೊಳೆತು, ಅರಿಶಿನ ಹಿಡಿದ ಅಕ್ಕಿಕಾಳು.

ತಿಮ್ಮರಾಯಪ್ಪ ಅದನ್ನೇ ನೋಡುತ್ತ ಒಂದು ಕ್ಷಣ ಮಲಗಿದ್ದ. ಗೌರಮ್ಮನಿಗೆ ತವರಿನಿಂದ ಬಂದ ರೂಢಿ ಒಂದಿತ್ತು. ತುಂಬಿಡುವ ಯಾವ ಪಾತ್ರೆಗೇ ಆಗಲಿ, ರಾಗಿ ವಾಡೆಗೆ, ಎಣ್ಣೆ ಡಬ್ಬಕ್ಕೆ, ಕೊನೆಗೆ ಬುಡ್ಡಿಯ ಸೀಮೆಎಣ್ಣೆ ಬಾಟಲಿಗೂ, ವರ್ಷಕ್ಕೊಮ್ಮೆ ಅರಿಶಿನದಕ್ಕಿ ಹಾಕಿ ‘ಎಂದೂ ಬರಿದಾಗಬೇಡ’ ಎಂದು ಕೈ ಮುಗಿಯುತ್ತಿದ್ದಳು. ಹೋದ ತಿಂಗಳು ಆಯುಧಪೂಜೆಯ ದಿನ ಗಂಡಸರೆಲ್ಲ ಬೂದುಗುಂಬಳ ಒಡೆಯುವ ಗಲಾಟೆಯಲ್ಲಿದ್ದಾಗ ಅವಳು ಟ್ಯಾಂಕಿನ ಪಕ್ಕ ನಿಂತು ಕೈ ಮುಗಿಯುತ್ತಿದ್ದಳು. ಅವನೇ ನೋಡಿದ್ದ. ತನ್ನ ಅನ್ನದ ಗಾಡಿಗೆ ಬಸುರಿ ಹೆಂಡತಿ ಕೈ ಮುಗಿಯುತ್ತಾಳಲ್ಲ ಎಂದು ಹಿಗ್ಗಿದ್ದ. ಮುಚ್ಚಳ ತೆಗೆದು ಏನು ಮಾಡಿದಳೆಂದು ಅವನಿಗೇನು ಗೊತ್ತು? ಡೀಸೆಲ್ ತುಂಬಿರುವ ತನಕ ಅಕ್ಕಿ ತಳದ ನೀರಿನಲ್ಲಿ ನೆನೆಯುತ್ತ ಬಿದ್ದಿತ್ತು. ಇವತ್ತು ತಳ ಕಲಕಿತ್ತು.

ಇನ್ನು ಫಿಲ್ಟರು ಎಷ್ಟು ಸಲ ತೊಳೆದರೂ ಮೈಲಿಗೊಮ್ಮೆ ನಿಲ್ಲುವುದೇ. ಟ್ಯಾಂಕು ಬರಿದು ಮಾಡದೆ ಗತಿಯಿಲ್ಲ. ತಳದ ಬಿರಡೆ ಬಿಚ್ಚಿ, ಉಟ್ಟಿದ್ದ ಪಂಚೆ ಬಿಚ್ಚಿ ತಗಡಿನ ಡಬ್ಬದ ಬಾಯಿಗೆ ಕಟ್ಟಿ, ಚಡ್ಡಿಯಲ್ಲೇ ನಿಂತು ಡೀಸೆಲ್ ಸೋಸಿದ. ಪಂಚೆಯ ಮೇಲೆ ಹಿಡಿ ತುಂಬ ಹಳದಿ ಅಕ್ಕಿ ನಿಂತಿತು.

“ಯಾವ ಮನೆಹಾಳ್ ನನ್ಮಗ ಹಾಕ್ದನೋ!” ಬೋರಣ್ಣ ಕೂಗಿದ. “ಸಿಕ್ಲಿ ಅವ್ನು—”

“ಬಾಯ್ ಮುಚ್ಚು ಬೋರಣ್ಣ.”

“ಅಲ್ಲ ಕಣೋ, ಇದು ಬೇಕಂತ್ಲೇ—”

“ನಿನ್ ಕಾಲಿಗ್ ಬೀಳ್ತೀನಿ, ಮೆಲ್ಲಗ್ ಮಾತಾಡು. ಅವಳ ಕಿವಿಗೆ ಬೀಳ್ತದೆ.”

ಬೋರಣ್ಣ ಅವನ ಮುಖ ನೋಡಿದ, ಅಕ್ಕಿ ನೋಡಿದ, ಲಾರಿಯ ಹಿಂಭಾಗ ನೋಡಿದ. ತಿಮ್ಮರಾಯಪ್ಪ ಅಕ್ಕಿಯನ್ನು ಹೊಲದ ಬದುವಿಗೆ ಎಸೆದು ಮೇಲೆ ಮಣ್ಣು ಎಳೆದ.

ಟ್ಯಾಂಕು ತೊಳೆದು, ಸೋಸಿದ್ದನ್ನು ಸುರಿದು, ಕೊಳವೆಯನ್ನು ಬಾಯಲ್ಲಿ ಊದಿ, ಫಿಲ್ಟರು ತೊಳೆದು ಅದೇ ಸುಟ್ಟ ಕೈಯಲ್ಲಿ ಮತ್ತೆ ಕೂರಿಸಿದ. ಕೊಳವೆಯ ತುಂಬ ಗಾಳಿ. ಪಂಪು ಒತ್ತಿದ, ಒತ್ತಿದ, ನೊರೆ ಬರುತ್ತಲೇ ಇತ್ತು. ಮೇಲೆ ಗೌರಮ್ಮ ಮೊದಲು ಚೀರುತ್ತಿದ್ದಳು, ಆಮೇಲೆ ದೇವರನ್ನು ಕರೆಯುತ್ತಿದ್ದಳು, ಆಮೇಲೆ ಸುಮ್ಮನಾದಳು. “ಗೌರಾ, ಮಾತಾಡೇ” ಎಂದು ಅಡಿಯಿಂದಲೇ ಕೂಗಿದ. ಮುನಿವೆಂಕಟಮ್ಮನೇ ಉತ್ತರ ಕೊಟ್ಟಳು. “ಉಸಿರಾಡ್ತಾವ್ಳೆ. ನೀನು ಕೆಲ್ಸ ನೋಡು.” ಕೊನೆಗೊಮ್ಮೆ ಗುಳ್ಳೆಯಿಲ್ಲದ ಡೀಸೆಲ್ ಅವನ ಕಣ್ಣಿಗೇ ಚಿಮ್ಮಿತು. ಎಂಜಿನ್ ಹತ್ತಿತು. ಅಲ್ಲೊಂದೇ ಕಡೆ ಒಂದು ಗಂಟೆ ಹತ್ತು ನಿಮಿಷ ಕಳೆದುಹೋಗಿತ್ತು.

ಗೌರಮ್ಮ ಉಳಿದಳು. ಮಗು ಉಳಿಯಲಿಲ್ಲ. ಗಂಡು. ಬಟ್ಟೆಯಲ್ಲಿ ಸುತ್ತಿ ತಂದ ನರ್ಸು, “ಒಂದು ಗಂಟೆ ಮುಂಚೆ ಬಂದಿದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ತಿಮ್ಮರಾಯಪ್ಪ ಬಲಗೈಯಲ್ಲಿ ಮಗು ತೆಗೆದುಕೊಂಡ. ಎಡಗೈಯಲ್ಲಿ ಮುಟ್ಟಲು ಚರ್ಮವೇ ಇರಲಿಲ್ಲ.

ಮೂರನೇ ದಿನ ಗೌರಮ್ಮ ಕಣ್ಣು ಬಿಟ್ಟು ಮಾತಾಡಿದಳು. ಬೋರಣ್ಣ ಎಳನೀರು ತಂದು ಬಾಗಿಲಲ್ಲಿ ನಿಂತಿದ್ದ.

“ಗಾಡಿ ಯಾಕೆ ನಿಂತೋಯ್ತು?”

ಬೋರಣ್ಣ ತಲೆ ತಗ್ಗಿಸಿದ. ತಿಮ್ಮರಾಯಪ್ಪನೇ ಹೇಳಿದ.

“ನನ್ ತಪ್ಪು ಕಣೆ. ಹಿಂದಿನ ದಿನ ಫಿಲ್ಟರ್ ತೊಳೀಬೇಕಾಗಿತ್ತು. ಮೈಗಳ್ಳತನ ಮಾಡ್ದೆ. ನಾಳೆ ತೊಳೆಯೋಣ ಅಂದ್ಕೊಂಡೆ.”

“ಊರೋರ್ ಲಾರಿಗೆಲ್ಲ ಕೈ ಹಾಕ್ತಿದ್ದೆ. ನನ್ ಹೊತ್ಗೆ ನಿನ್ ಕೈಗೇನ್ ರೋಗ ಬಂದಿತ್ತು?” ಎಂದ ಗೌರಮ್ಮ ಗೋಡೆಯ ಕಡೆ ತಿರುಗಿದಳು.

ಸುದ್ದಿ ಊರಿಗೆ ಅವಳ ಬಾಯಿಂದಲೇ ಹೋಯಿತು. ಹೆಂಡತಿಯ ಹೆರಿಗೆಗೇ ಫಿಲ್ಟರು ತೊಳೆಯದವನು ಎಂಬ ಹೆಸರು ಬಂದ ಮೇಲೆ ಸಾರಕ್ಕಿಯವರು ಕರೆಯುವುದು ಬಿಟ್ಟರು, ಅರೆಕೆರೆಯವರೂ ಬಿಟ್ಟರು. ಅವನ ಇಡೀ ಆಸ್ತಿ ಎಂದರೆ ಆ ಕೈ ಗಳಿಸಿದ್ದ ಒಳ್ಳೆ ಹೆಸರೊಂದೇ ಆಗಿತ್ತು. ಬೋರಣ್ಣ ‘ನಿಜ ಹೇಳ್ಬಿಡ್ಲಾ?’ ಎಂದು ಎಷ್ಟೋ ಸಲ ಕೇಳಿದ. ‘ನನ್ ಮೇಲೆ ಸಿಟ್ಟಿದ್ರೆ ಅವಳು ಬದುಕ್ತಾಳೆ ಬೋರಣ್ಣ. ಅವಳ ಮೇಲೇ ಅವಳಿಗೆ ಸಿಟ್ಟು ಬಂದ್ರೆ ಬಾವಿ ದೂರ ಇಲ್ಲ’ ಎಂದು ತಿಮ್ಮರಾಯಪ್ಪ ಬಾಯಿ ಮುಚ್ಚಿಸುತ್ತಿದ್ದ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬಿತ್ತು, ಡೀಸೆಲ್ ಕಳ್ಳರ ಕಾಟ ಎಂದು ಹೇಳಿಕೊಂಡ.

ಆಮೇಲೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಬೆಳೆದರು. ಅರವತ್ತೆಂಟರಲ್ಲಿ ಒಂದು ಮಧ್ಯಾಹ್ನ, ಎಲ್ಲರೂ ಉಣ್ಣುತ್ತಿದ್ದಾಗ, ದೊಡ್ಡವಳು ನಮಗೆ ಅಣ್ಣ ಇದ್ದನಂತೆ, ಹೌದಾ ಎಂದು ಕೇಳಿದಳು. ಗೌರಮ್ಮ ಮುದ್ದೆ ಮುರಿಯುತ್ತ, “ಇದ್ದ. ನಿಮ್ಮಪ್ಪನ ಸೋಮಾರಿತನಕ್ಕೆ ಹೋದ” ಅಂದಳು. ಮಗು ಅಪ್ಪನ ಮುಖ ನೋಡಿತು.

“ಹೂಂ ಕಣವ್ವ, ಹೌದು” ಎಂದ ತಿಮ್ಮರಾಯಪ್ಪ. “ನಿಮ್ಮವ್ವನಿಗೆ ಇನ್ನೊಂದ್ ಸ್ವಲ್ಪ ಸಾರು ಬಿಡು.”