ಮೇಲಿನ ಮೆಟ್ಟಿಲಲ್ಲಿ ನಿಂತವರ ಮುದ್ರೆ

ಹೆಂಗಸು ಮಾಡಿದ ಏಣಿಯನ್ನು ಯಾರಪ್ಪ ಹತ್ತುತ್ತಾರೆ ಎಂದು ಬೀದಿಯವರು ನಕ್ಕಾಗ ಅತ್ತೆಗೆ ಮೂವತ್ತೆಂಟು ವರ್ಷ. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರು ಅರ್ಧಕ್ಕೆ ಬಿಟ್ಟುಹೋದ ಏಣಿಯನ್ನು ಅತ್ತೆ ತಾವೇ ಮುಗಿಸಿ ಅಂಗಡಿಯ ಗೋಡೆಗೆ ಒರಗಿಸಿದ್ದರು. ನಕ್ಕವರ ಜೊತೆ ವಾದಕ್ಕೆ ಇಳಿಯಲಿಲ್ಲ. ಹದಿನೆಂಟು ಮೆಟ್ಟಿಲನ್ನೂ ಹತ್ತಿ, ತುತ್ತತುದಿಯಲ್ಲಿ ನಿಂತು, ಅಷ್ಟೂ ಜನರ ಬೋಳುತಲೆಗಳನ್ನು ಮೇಲಿನಿಂದ ಸಾವಧಾನವಾಗಿ ನೋಡಿ ಇಳಿದರು. ಆಮೇಲೆ ಗಂಡನ ಕಬ್ಬಿಣದ ಅಚ್ಚನ್ನು ಕೆಂಡದಲ್ಲಿ ಕಾಯಿಸಿ ಏಣಿಯ ಕಾಲಿಗೆ ಮುದ್ರೆ ಒತ್ತಿದರು.

ಅಂದಿನಿಂದ ಅದೇ ಕಟ್ಟಳೆ. ಮಾಡಿದವರು ಮೇಲಿನ ಮೆಟ್ಟಿಲಲ್ಲಿ ನಿಲ್ಲಬೇಕು, ನಿಂತವರೇ ಮುದ್ರೆ ಒತ್ತಬೇಕು. ಮುದ್ರೆ ಬೀಳದ ಏಣಿ ಅಂಗಳ ದಾಟುವ ಹಾಗಿಲ್ಲ. ಮೂವತ್ತಮೂರು ವರ್ಷದಲ್ಲಿ ಒಂದು ಏಣಿಯೂ ಮರಳಿ ಬಂದಿರಲಿಲ್ಲ.

ಈ ಕಥೆಯನ್ನು ಸೊಸೆ ಮದುವೆಯಾಗಿ ಬಂದ ಮೊದಲ ವಾರದಲ್ಲೇ ಮೂರು ಸಲ ಕೇಳಿದ್ದಳು. ಬೇರೆಯವರ ಸೊಸೆಯರು ಅತ್ತೆಯನ್ನು ಬೈದುಕೊಳ್ಳುತ್ತ ಕೂತಾಗ ಇವಳು ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಹೊಗಳಬೇಕಾಗುತ್ತಿತ್ತು, ಹೊಗಳಿದರೆ ಯಾರೂ ನಂಬುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳು ಮರ ಆರಿಸುವುದು, ಕೀಸುವುದು, ಕಂಬಕ್ಕೆ ತೂತು ಕೊರೆದು ಮೆಟ್ಟಿಲು ಬಿಗಿಯುವುದು ಎಲ್ಲವನ್ನೂ ಕಲಿತಳು. ಕಲಿಯದೆ ಉಳಿದದ್ದು ಒಂದೇ. ಮೂರನೇ ಮೆಟ್ಟಿಲು ದಾಟಿದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಏಣಿ ಮಾಡುವ ಮನೆಗೆ ನೆಲ ಬಿಡದ ಸೊಸೆ ಸಿಕ್ಕಳಲ್ಲ ಎಂದು ಅತ್ತೆ ಬಂದವರೆದುರಿಗೆಲ್ಲ ನಗುತ್ತಿದ್ದರು, ಮತ್ತು ಪ್ರತಿ ಏಣಿಯನ್ನೂ ತಾವೇ ಹತ್ತುತ್ತಿದ್ದರು.

ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷವಾಗಿತ್ತು. ಎಪ್ಪತ್ತೊಂದು ತುಂಬಿದಾಗ ವೈದ್ಯರು ಮೂಳೆಯ ಸಾಂದ್ರತೆ ಪರೀಕ್ಷೆಗೆ ಕಳಿಸಿದರು. ವಯಸ್ಸಿಗೆ ಮೀರಿ ಗಟ್ಟಿ ಎಂದು ವರದಿ ಬಂತು. ಸಕ್ಕರೆ ಇರುವವರಲ್ಲಿ ಈ ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ ಎಂದು ವೈದ್ಯರು ಶುರು ಮಾಡುವಷ್ಟರಲ್ಲಿ ಅತ್ತೆ ಎದ್ದು ಬಾಗಿಲು ದಾಟಿಯಾಗಿತ್ತು. ಶಾಲೆಯ ಮೆಟ್ಟಿಲು ಹತ್ತದ ತಾನು ಪಾಸಾದ ಮೊದಲ ಪರೀಕ್ಷೆ ಇದು ಎಂದು ವರದಿಯನ್ನು ಗರಗಸದ ಪಕ್ಕದ ಮೊಳೆಗೆ ನೇತುಹಾಕಿದರು.

ಎರಡು ತಿಂಗಳ ನಂತರ ಗ್ರಂಥಾಲಯದವರು ಎತ್ತರದ ಕಪಾಟುಗಳಿಗೆಂದು ಎರಡು ಏಣಿ ಕೇಳಿದರು. ಮೊದಲನೆಯದು ಸಿದ್ಧವಾದ ಬೆಳಿಗ್ಗೆ ಅತ್ತೆ ಸಕ್ಕರೆಯ ಮಾತ್ರೆ ನುಂಗಿದರು, ತಿಂಡಿ ಮುಟ್ಟಲಿಲ್ಲ. ಅದು ಮಾವನ ಕಾಲದ ನೇಮ. ಹೊಟ್ಟೆ ತುಂಬಿದವನ ಕಾಲಿಗೆ ಏಣಿಯ ಸಣ್ಣ ನಡುಕ ತಿಳಿಯುವುದಿಲ್ಲ ಎಂದು ಅವರು ಹೇಳುತ್ತಿದ್ದರಂತೆ. ಎರಡನೇ ಮೆಟ್ಟಿಲಲ್ಲಿ ಅತ್ತೆಯ ಹಣೆ ಬೆವರಿದ್ದನ್ನು ಸೊಸೆ ನೋಡಿದಳು. ಓಡಿ ಬರುವಷ್ಟರಲ್ಲಿ ಕೈ ಸಡಿಲವಾಗಿ ಅತ್ತೆ ಪಕ್ಕಕ್ಕೆ ಉರುಳಿದ್ದರು. ಮಕ್ಕಳು ದಿನಕ್ಕೆ ಹತ್ತು ಸಲ ಹಾರುವಷ್ಟೇ ಎತ್ತರ. ಆದರೂ ಸೊಂಟದ ಕೆಳಗೆ ತೊಡೆಯ ಮೂಳೆ ಮುರಿದಿತ್ತು.

ನೆಲದ ಮೇಲೆ ಬಿದ್ದುಕೊಂಡೇ ಅತ್ತೆ ಕೇಳಿದ್ದು ಒಂದೇ ಮಾತು.

"ಯಾವ ಮೆಟ್ಟಿಲು ಕೈಕೊಡ್ತು?"

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂಳೆಗೆ ಲೋಹದ ಸರಳು ಕೂತಿತು. ಅತ್ತೆಗೆ ಅದರ ಚಿಂತೆಯೇ ಇರಲಿಲ್ಲ. ಪ್ರತಿ ಮೆಟ್ಟಿಲನ್ನೂ ಬಡಿದು ನೋಡಿ ಬಾ ಎಂದು ಸೊಸೆಯನ್ನು ಮನೆಗೆ ಅಟ್ಟಿದರು. ಸೊಸೆ ಬಡಿದು ನೋಡಿದಳು. ಇಬ್ಬರು ಆಳುಗಳ ತೂಕದ ಮರಳಿನ ಚೀಲವನ್ನು ನೆಲದಲ್ಲಿ ನಿಂತೇ ಹಗ್ಗ ಎಳೆದು ಮೆಟ್ಟಿಲಿಂದ ಮೆಟ್ಟಿಲಿಗೆ ನೇತುಹಾಕಿ ನೋಡಿದಳು. ಏಣಿ ಮಿಸುಕಲಿಲ್ಲ. ಅತ್ತೆ ನಂಬಲಿಲ್ಲ. ತಮ್ಮ ಮೈ ತಮಗೆ ಮೋಸ ಮಾಡುವುದುಂಟೇ, ವರದಿ ಗೋಡೆಯ ಮೇಲೇ ಇದೆಯಲ್ಲ! ತಪ್ಪು ಏಣಿಯದೇ ಆಗಿರಬೇಕು. ಹಾಗಾದರೆ ಮೂವತ್ತಮೂರು ವರ್ಷದ ಮುದ್ರೆಗೆ ಏನು ಬೆಲೆ? ಮೂರನೇ ದಿನ ಅವರು ಗೋಡೆಯ ಕಡೆ ಮುಖ ಮಾಡಿ, ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟುಬಿಡು ಎಂದರು. ಸೊಸೆಯನ್ನು ಮೂಳೆ ಮುರಿದ ಸದ್ದಿಗಿಂತ ಆ ಮಾತೇ ಹೆಚ್ಚು ನೋಯಿಸಿತು.

ಮೂಳೆಯ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಹಾಸಿಗೆಯ ಪಕ್ಕ ಕೂತು ಬಿದ್ದ ದಿನದ ಕಥೆಯನ್ನೆಲ್ಲ ಕೇಳಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ತಡೆದರು.

"ಅದೆಲ್ಲ ಇರಲಿ. ತಪ್ಪು ಯಾರದ್ದು, ಏಣಿದೋ ನಂದೋ?"

"ನಿಮ್ಮದೇ ಅಮ್ಮ," ಎಂದರು ಡಾಕ್ಟರು. "ಮಾತ್ರೆ ತಗೊಂಡು ತಿಂಡಿ ಬಿಟ್ರಿ. ಸಕ್ಕರೆ ಇಳೀತು, ತಲೆ ತಿರುಗ್ತು, ಬಿದ್ರಿ. ಬಿದ್ದ ಪೆಟ್ಟನ್ನ ಮೂಳೆ ತಡ್ಕೊಳ್ಳಲಿಲ್ಲ. ಏಣಿ ಪಾಪ ಏನೂ ಮಾಡಿಲ್ಲ."

ಅತ್ತೆ ನಕ್ಕುಬಿಟ್ಟರು. ಹೊಲಿಗೆ ಹಾಕಿದ ಜಾಗ ನೋಯುತ್ತಿದ್ದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೀಗೆ ಬೈಸಿಕೊಂಡು ಖುಷಿಪಟ್ಟ ರೋಗಿಯನ್ನು ಆ ಡಾಕ್ಟರು ಕಂಡಿರಲಾರರು. ಸೊಸೆಗೆ ಮಾತ್ರ ಅರ್ಥವಾಯಿತು, ಅವಳೂ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ನಗು ನಿಂತ ಮೇಲೆ ಅತ್ತೆ ವರದಿಯ ಲೆಕ್ಕ ಕೇಳಿದರು. ಪಾಸಾದ ಮೂಳೆ ಮುರಿದದ್ದು ಹೇಗೆ? ಆ ಪರೀಕ್ಷೆ ಮೂಳೆ ಎಷ್ಟಿದೆ ಎಂದು ಹೇಳುತ್ತದೆ, ಹೇಗಿದೆ ಎಂದು ಪೂರ್ತಿ ಹೇಳುವುದಿಲ್ಲ ಎಂದರು ಡಾಕ್ಟರು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಮೂಳೆಯೊಳಗಿನ ನಾರು ಪೆಡಸಾಗುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಪಾದದ ಸ್ಪರ್ಶ ಮಂದವಾಗಿರುತ್ತದೆ, ಬೀಳುವುದೂ ಹೆಚ್ಚು.

ಅತ್ತೆ ಸೊಸೆಯ ಕಡೆ ತಿರುಗಿದರು. "ಬೆಂಕಿ ಪಕ್ಕ ಇಟ್ಟು ಅವಸರದಲ್ಲಿ ಒಣಗಿಸಿದ ಮರ," ಎಂದರು. "ನೋಡೋಕೆ ಗಟ್ಟಿ, ಬಡಿದ್ರೂ ಗಟ್ಟಿ. ಬಗ್ಗಿಸಿದ್ರೆ ಟಪ್ ಅನ್ನುತ್ತೆ. ಅಂಥ ಮರ ನಾವು ಏಣಿಗೆ ಹಾಕ್ತೀವಾ?"

"ಇಲ್ಲ ಅತ್ತೆ."

"ಹಾಗಾದ್ರೆ ನನ್ನನ್ನೂ ಏಣಿಗೆ ಹಾಕೋ ಹಾಗಿಲ್ಲ."

ಈ ಮಾತನ್ನು ಬೇರೆ ರೋಗಿಗಳಿಗೂ ಹೇಳಲೇ ಎಂದು ಡಾಕ್ಟರು ಕೇಳಿದರು. ಧಾರಾಳವಾಗಿ ಹೇಳಿ, ಆದರೆ ಏಣಿಯದ್ದು ತಪ್ಪಿರಲಿಲ್ಲ ಅನ್ನುವುದನ್ನು ಮಾತ್ರ ಬಿಡಬೇಡಿ ಎಂದು ಅತ್ತೆ ತಾಕೀತು ಮಾಡಿದರು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬಸ್ ಓಡಿಸುವ ಮಗ ತಾಯಿಯ ಬೆನ್ನ ಹಿಂದೆ ಗೊಣಗುತ್ತಿದ್ದ. ಅತ್ತೆ ಬಗ್ಗಿ ತೋರಿಸಿದರು. ಹೊತ್ತುಹೊತ್ತಿಗೆ ತಿಂದರು. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರು. ವ್ಯಾಯಾಮ ಹೇಳಿಕೊಡಲು ಬಂದವಳಿಗೆ ಹತ್ತು ಸಲ ಅಂದರೆ ಹನ್ನೆರಡು ಸಲ ಕಾಲೆತ್ತಿ ತೋರಿಸಿದರು. ಆಸ್ಪತ್ರೆಯವರು ಕೊಟ್ಟ ಊರುಗೋಲನ್ನು ಒಮ್ಮೆ ಬಡಿದು ನೋಡಿ, ಮೂಗು ಮುರಿದು ಪಕ್ಕಕ್ಕಿಟ್ಟರು. ಕುರ್ಚಿಯಲ್ಲಿ ಕೂತೇ ತಮ್ಮದನ್ನು ತಾವೇ ಕೆತ್ತಿಕೊಂಡರು. ಅದರ ಮೇಲೆ ಭಾರ ಬಿಟ್ಟು ಅಡುಗೆಮನೆಯಿಂದ ಅಂಗಳಕ್ಕೆ ನಡೆದು ಬಂದಾಗ ನಾಲ್ಕು ತಿಂಗಳಾಗಿತ್ತು.

ಅಂಗಳದಲ್ಲಿ ಎರಡು ಏಣಿ ಕಾಯುತ್ತಿದ್ದವು. ಮೊದಲನೆಯದು ಇಬ್ಬರೂ ಸೇರಿ ಮಾಡಿದ್ದು. ಎರಡನೆಯದನ್ನು ಈ ನಾಲ್ಕು ತಿಂಗಳಲ್ಲಿ ಸೊಸೆ ಒಬ್ಬಳೇ ಮಾಡಿದ್ದಳು. ಮುದ್ರೆ ಇಲ್ಲದಿದ್ದರೂ ಪರವಾಗಿಲ್ಲ, ಕಳಿಸಿಕೊಡಿ ಎಂದು ಗ್ರಂಥಾಲಯದವರು ಎರಡು ಸಲ ಹೇಳಿಕಳಿಸಿದ್ದರು. ಅವರಿಗೆ ಪರವಾಗಿಲ್ಲದಿರಬಹುದು, ನಮಗೆ ಆಗುವುದಿಲ್ಲ ಎಂದಿದ್ದರು ಅತ್ತೆ. ತಾನು ಹತ್ತುತ್ತೇನೆ ಎಂದು ಮಗ ಮುಂದೆ ಬಂದ. ಬಸ್ಸು ಹತ್ತು ಹೋಗು, ಏಣಿಯನ್ನು ಮಾಡಿದವರು ಹತ್ತಬೇಕು ಎಂದು ಅಟ್ಟಿದರು. ಸೊಸೆಯನ್ನು ಮಾತ್ರ ಕೇಳಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಇಪ್ಪತ್ತೆರಡು ವರ್ಷ ನಕ್ಕವರು ಆ ಒಂದು ವಿಷಯದಲ್ಲಿ ಈಗ ನಗುವುದನ್ನೂ ಬಿಟ್ಟಿದ್ದರು.

ಆ ಮೌನವನ್ನೇ ಸೊಸೆಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅವಳು ಮೊದಲ ಏಣಿಯನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಂಡಳು. ಅತ್ತೆ ಬಾಗಿಲಲ್ಲೇ ನಿಂತರು.

"ತಿಂಡಿ ತಿಂದ್ಯಾ?"

"ಮಾವ ಖಾಲಿ ಹೊಟ್ಟೇಲಿ ಹತ್ತಬೇಕು ಅಂತಿದ್ರಲ್ಲ?"

"ಅವರು ಹೇಳಿದ್ದನ್ನ ನಾನು ಇವತ್ತು ಅಳಿಸಿದ್ದೀನಿ. ತಿಂದು ಬಾ."

ತಿಂದು ಬಂದಳು. ಅತ್ತೆ ಕೋಲನ್ನು ಗೋಡೆಗೆ ಒರಗಿಸಿ, ಏಣಿಯ ಎರಡೂ ಕಂಬಗಳನ್ನು ಕೈಯಲ್ಲಿ ಹಿಡಿದರು. ಮೂರನೇ ಮೆಟ್ಟಿಲಲ್ಲಿ ಸೊಸೆಯ ಮೊಣಕಾಲು ಎಂದಿನಂತೆ ನಡುಗಿತು. ನಡುಗುತ್ತಿರುವುದು ಕಾಲು, ಏಣಿಯಲ್ಲ ಎಂದು ಅವಳಿಗೆ ಅಲ್ಲೇ ಸ್ಪಷ್ಟವಾಗಿ ತಿಳಿಯಿತು. ಆ ಒಂದು ತಿಳಿವಳಿಕೆಯನ್ನು ಹಿಡಿದುಕೊಂಡು ನಾಲ್ಕು ಹತ್ತಿದಳು, ಒಂಬತ್ತು ಹತ್ತಿದಳು, ಹದಿನೈದರಲ್ಲಿ ಕಣ್ಣು ಮುಚ್ಚಿ ಉಸಿರು ಬಿಟ್ಟು ಮತ್ತೆ ಹತ್ತಿದಳು. ತುದಿಯಲ್ಲಿ ನಿಂತು ಕೆಳಗೆ ನೋಡಿದಾಗ ಕಂಡದ್ದು ಅತ್ತೆಯ ಬಿಳಿ ಕೂದಲು, ಕಂಬ ಬಿಡದ ಎರಡು ಕೈ. ಇಷ್ಟು ವರ್ಷ ತಲೆಯೆತ್ತಿ ನೋಡಿದವರನ್ನು ಅವಳು ಮೊದಲ ಸಲ ಮೇಲಿನಿಂದ ನೋಡುತ್ತಿದ್ದಳು.

"ಗಟ್ಟಿಯಾಗಿದೆ ಅತ್ತೆ," ಎಂದಳು.

ಎರಡನೇ ಏಣಿಯನ್ನೂ ಹತ್ತಿಳಿಯುವ ಹೊತ್ತಿಗೆ ಅಚ್ಚು ಕೆಂಡದಲ್ಲಿ ಕೆಂಪಾಗಿತ್ತು. ಸೊಸೆ ಅದನ್ನು ಎತ್ತಿ ಅದರ ಹಿಡಿಯನ್ನು ಅತ್ತೆಯ ಕಡೆ ಚಾಚಿದಳು. ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವುದನ್ನು ಜನ ಹಲ್ಲು ಕಡಿದು ಹೇಳುತ್ತಾರೆ. ಅತ್ತೆ ಅದನ್ನು ಬೀಗರ ಮುಂದೆ ಮಗಳನ್ನು ಹೊಗಳುವ ದನಿಯಲ್ಲಿ ಹೇಳಿದರು. ಸೊಸೆ ಎರಡೂ ಏಣಿಯ ಕಾಲಿಗೆ ಮುದ್ರೆ ಒತ್ತಿದಳು. ಸುಟ್ಟ ಮರದ ವಾಸನೆ ಅಂಗಳ ತುಂಬಿತು.

ಅಚ್ಚನ್ನು ನೀರಿಗೆ ಅದ್ದಲು ಹೋದವಳನ್ನು ಅತ್ತೆ ತಡೆದರು.

"ಆರಿಸಬೇಡ. ಕೊಡು ಇಲ್ಲಿ."

ಬೆಂಚಿನ ಮೇಲೆ ಕೂತು, ತಾವು ಕೆತ್ತಿದ ಊರುಗೋಲನ್ನು ತೊಡೆಗಳ ಮೇಲೆ ಅಡ್ಡ ಇಟ್ಟುಕೊಂಡು, ಅದರ ಬುಡಕ್ಕೆ ಅಚ್ಚನ್ನು ಬಲವಾಗಿ ಒತ್ತಿದರು.

"ಇದನ್ನ ಮಾಡಿದ್ದು ನಾನು," ಎಂದರು ಅತ್ತೆ. "ಇದರ ಮೇಲೆ ನಿಂತಿರೋದೂ ನಾನೇ."